ಜವಾಬು ಯಾರಿಗೆ?

ಮೈಸೂರಿನ ಚಾಮರಾಜಪುರಂನಲ್ಲಿ ಇರುವವರಿಗೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: “ಮಹಾರಾಜರ ಕಾಲವೇ ಚೆನ್ನಾಗಿತ್ತು.” ನಲ್ಲಿಯಲ್ಲಿ ನೀರು ಬಾರದ ದಿನ, ಅಗೆದ ರಸ್ತೆಯನ್ನು ಹಾಗೇ ಬಿಟ್ಟುಹೋದ ದಿನ ಈ ಮಾತು ಬಂದೇ ಬರುತ್ತದೆ. ಇದನ್ನು ಬರೀ ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರೊಳಗೆ ಗಟ್ಟಿಯಾದ ಒಂದು ಪ್ರಶ್ನೆಯಿದೆ. ಆಳ್ವಿಕೆ ಒಳ್ಳೆಯದಾಗಿದ್ದರೆ ಸಾಲದೆ? ಅದು ನಮ್ಮದೂ ಆಗಿರಬೇಕೆ?

ಮೈಸೂರು ಸಂಸ್ಥಾನದ ಆಳ್ವಿಕೆ ಒಳ್ಳೆಯದಾಗಿತ್ತು ಎನ್ನಲು ಆಧಾರಗಳಿಗೆ ಬರವಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಗಣಿಗಳಿಗೆ ಹರಿಯಿತು. 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಲೆಂದು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಅದಕ್ಕೂ ಬಹಳ ಮೊದಲು, 1881ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು 144 ಜನರ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದ್ದರು. ಭಾರತದ ಸಂಸ್ಥಾನಗಳಲ್ಲಿ ಅಂಥದ್ದು ಅದೇ ಮೊದಲು. ದಿವಾನರು ಆ ವರ್ಷದ ಆಡಳಿತದ ವಿವರ ಹೇಳುತ್ತಿದ್ದರು, ಪ್ರತಿನಿಧಿಗಳು ತಮ್ಮ ಊರಿನ ಅಹವಾಲು ಹೇಳುತ್ತಿದ್ದರು.

ಆದರೆ ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರನ್ನು ಇಳಿಸುವ ಅಧಿಕಾರವಂತೂ ದೂರದ ಮಾತು. ದಿವಾನರು ಪ್ರತಿನಿಧಿಗಳಿಗೆ ಉತ್ತರ ಕೊಡುತ್ತಿದ್ದರು ನಿಜ. ಆದರೆ ಅವರು ಉತ್ತರ ಕೊಡಲೇಬೇಕಾಗಿದ್ದದ್ದು ಮಹಾರಾಜರಿಗೆ. ಜನರಿಗೆ ಸಿಗುತ್ತಿದ್ದದ್ದು ಸೌಜನ್ಯದ ಉತ್ತರ, ಋಣದ ಉತ್ತರವಲ್ಲ. ಸೌಜನ್ಯ ಎಷ್ಟೇ ದೊಡ್ಡದಾದರೂ ಅದನ್ನು ತೋರಿಸುವವರ ಕೈಯಲ್ಲೇ ಇರುತ್ತದೆ.

1947ರ ಚಳವಳಿಗಾರರು ತಮ್ಮ ಬೇಡಿಕೆಗೆ ಇಟ್ಟುಕೊಂಡ ಹೆಸರನ್ನು ನೋಡಿ: ‘ಜವಾಬ್ದಾರಿ ಸರ್ಕಾರ’. ಆ ಪದದೊಳಗೇ ಜವಾಬು ಇದೆ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನ ಆಡಳಿತ ಇನ್ನೂ ದಿವಾನರ ಕೈಯಲ್ಲೇ ಇತ್ತು. ಹಾಗಾಗಿ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ಆಗ ನಡೆದ ಗೋಲಿಬಾರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಪ್ರಾಣ ಬಿಟ್ಟ. ಆಗಿನ ದಿವಾನರ ಹೆಸರೂ ರಾಮಸ್ವಾಮಿಯೇ, ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ನಮ್ಮ ಬಡಾವಣೆಯ ಪಕ್ಕದಲ್ಲೇ ಚಾಮರಾಜ ಜೋಡಿ ರಸ್ತೆ ಸೇರುವ ರಾಮಸ್ವಾಮಿ ವೃತ್ತ ನೆನಪಿಟ್ಟುಕೊಂಡಿರುವುದು ವಿದ್ಯಾರ್ಥಿಯನ್ನು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಹೊಟ್ಟೆಗೆ ಇಲ್ಲದವರು ಮಾತ್ರ ದಂಗೆಯೇಳುತ್ತಾರೆ ಎಂದುಕೊಂಡರೆ ಇದು ಅರ್ಥವಾಗುವುದಿಲ್ಲ. ಅಮೆರಿಕದಲ್ಲೂ ಹೀಗೇ ಆಯಿತು. 1773ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ತಂದ ಚಹಾ ಕಾಯ್ದೆಯಿಂದ ಚಹಾ ಅಗ್ಗವಾಗುವುದರಲ್ಲಿತ್ತು. ಆದರೂ ಬಾಸ್ಟನ್ನಿನ ಜನ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದರು. ಅವರನ್ನು ಕಾಡಿದ್ದು ಬೆಲೆಯಲ್ಲ, ತಮ್ಮ ಪ್ರತಿನಿಧಿಗಳೇ ಇಲ್ಲದ ಸಭೆ ತಮ್ಮ ಮೇಲೆ ತೆರಿಗೆ ಹಾಕಿದ್ದು. ಮುಂದೆ 1787ರಲ್ಲಿ ಸಂವಿಧಾನ ಬರೆದಾಗ ಅವರು ಸೈನ್ಯವನ್ನು ಅಧ್ಯಕ್ಷರ ಕೈಗೆ ಕೊಟ್ಟು ಖಜಾನೆಯ ಬೀಗದ ಕೈಯನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಅಧ್ಯಕ್ಷ ಒಳ್ಳೆಯವನೇ ಆಗಿರುತ್ತಾನೆ ಎಂಬ ನಂಬಿಕೆಯ ಮೇಲೆ ಕಟ್ಟಿದ ವ್ಯವಸ್ಥೆಯಲ್ಲ ಅದು.

ಚುನಾಯಿತ ಸರ್ಕಾರಗಳು ಸುಳ್ಳು ಹೇಳುವುದಿಲ್ಲವೆ, ಕದಿಯುವುದಿಲ್ಲವೆ ಎಂದು ಕೇಳಬಹುದು. ಹೇಳುತ್ತವೆ, ಕದಿಯುತ್ತವೆ. ಒಳ್ಳೆಯ ರಾಜನ ಆಳ್ವಿಕೆ ಕೆಟ್ಟ ಮಂತ್ರಿಮಂಡಲಕ್ಕಿಂತ ಸುಖವಾಗಿರಬಹುದು ಎಂಬುದನ್ನೂ ಒಪ್ಪುತ್ತೇನೆ. ಆದರೆ ಒಳ್ಳೆಯ ರಾಜನ ನಂತರ ಬರುವವನು ಹೇಗಿರುತ್ತಾನೆ ಎಂಬುದು ನಮ್ಮ ಕೈಯಲ್ಲಿಲ್ಲ. ಸುಖವೇ ಎಲ್ಲವೂ ಅಲ್ಲ ಎಂಬುದು ಇನ್ನೂ ಮುಖ್ಯ. ‘ಪ್ರಜೆ’ ಎಂಬ ಪದಕ್ಕೆ ಮೂಲದಲ್ಲಿ ಸಂತಾನ ಎಂದೇ ಅರ್ಥ. ತಂದೆ ಎಷ್ಟೇ ಚೆನ್ನಾಗಿ ಸಾಕಿದರೂ ಬೆಳೆದ ಮಗಳು ತನ್ನ ಬಾಳಿನ ತೀರ್ಮಾನವನ್ನು ತಾನೇ ಮಾಡಬೇಕಲ್ಲವೆ? ತಪ್ಪುವ ಸ್ವಾತಂತ್ರ್ಯ, ತಪ್ಪನ್ನು ತಿದ್ದಿಕೊಳ್ಳುವ ಹೊಣೆ ಎರಡೂ ಇಲ್ಲದಿದ್ದರೆ ವಯಸ್ಸಾಗುತ್ತದೆ, ಪ್ರಾಯ ಬರುವುದಿಲ್ಲ.

ನನ್ನ ಅಳುಕು ಈಗಿನದು. ಚರಂಡಿ ಮಾಡಿಸಿದ್ದಕ್ಕೆ, ದೀಪ ಹಾಕಿಸಿದ್ದಕ್ಕೆ ಶಾಸಕರಿಗೆ ಕೃತಜ್ಞತೆ ಹೇಳುವ ಫ್ಲೆಕ್ಸುಗಳು ವೃತ್ತಗಳಲ್ಲಿ ತೂಗುತ್ತವೆ. ನಮ್ಮ ತೆರಿಗೆಯ ಹಣದಿಂದ ಆದ ಕೆಲಸಕ್ಕೆ ನಾವು ಕೈಮುಗಿಯುತ್ತೇವೆ. ಕೈಮುಗಿದವರು ಲೆಕ್ಕ ಕೇಳುವುದು ಕಷ್ಟ. ಜವಾಬು ಕೊಡುವುದು ಸರ್ಕಾರದ ಜವಾಬ್ದಾರಿಯಾದರೆ, ಸವಾಲು ಹಾಕುವುದು ನಮ್ಮದು. ಕೇಳುವವರೇ ಇಲ್ಲದ ಊರಿನಲ್ಲಿ ಚುನಾಯಿತ ಸರ್ಕಾರವೂ ಬರೀ ಸೌಜನ್ಯದ ಮೇಲೆ ನಡೆಯತೊಡಗುತ್ತದೆ, ಅದೂ ಮಹಾರಾಜರ ಸೌಜನ್ಯವಿಲ್ಲದೆ.