ರಾಶಿಯ ತಳದ ತೇವ

ಬಂಡೀಪುರದ ಕಾಡಿನೊಳಗೆ ಹಾದು ಕೇರಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಆಂಬುಲೆನ್ಸ್ ಮತ್ತು ಕೆಲವು ಬಸ್ಸುಗಳಿಗೆ ಮಾತ್ರ ವಿನಾಯಿತಿ. 2009ರಲ್ಲಿ ಜಾರಿಗೆ ಬಂದ ಈ ನಿಯಮವನ್ನು 2010ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕಳೆದ ಹಬ್ಬಕ್ಕೆ ಗುಂಡ್ಲುಪೇಟೆಯ ಅಕ್ಕನ ಮನೆಗೆ ಹೋಗಿದ್ದಾಗ, ಒಂದು ರಾತ್ರಿ ಅಕ್ಕನ ಮಗನ ಜೊತೆ ಮದ್ದೂರು ಚೆಕ್‌ಪೋಸ್ಟ್‌ವರೆಗೆ ಹೋಗಿದ್ದೆವು. ಗೇಟು ಮುಚ್ಚಿತ್ತು. ತರಕಾರಿ ಲಾರಿಗಳು ಸಾಲಾಗಿ ನಿಂತಿದ್ದವು. ಹುಡುಗ ಸ್ವಲ್ಪ ಹೊತ್ತು ನೋಡುತ್ತಿದ್ದು, "ಇಲ್ಲಿ ತಡೆಯೋಕೆ ಒಂದು ಗೇಟಿದೆ ಮಾಮೂ. ನಮ್ಮ ಕಂಪನೀಲಿ ಬೇಡ ಅನ್ನೋಕೆ ಯಾರೂ ಇಲ್ಲ" ಎಂದ.

ಅವನು ಬೆಂಗಳೂರಿನಲ್ಲಿ ಪ್ರೋಗ್ರಾಮರ್. ಅವನ ಕಂಪನಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾರುತ್ತದೆ. ಅಲ್ಲಿ ಮಾಡುವವನ ಮಾತಿಗಿಂತ ಮಾರುವವನ ಮಾತೇ ದೊಡ್ಡದು. ರೋಗಿಗೆ ಯಾವುದಾದರೂ ಔಷಧಿ ಒಗ್ಗದಿದ್ದರೆ ಎಚ್ಚರಿಸುವ ಸೌಲಭ್ಯ ಸಿದ್ಧವಾಗಿದೆ ಎಂದು ಮಾರಾಟದವರು ಒಂದು ಆಸ್ಪತ್ರೆಗೆ ಮಾತು ಕೊಟ್ಟುಬಿಟ್ಟಿದ್ದರು. ತೋರಿಸಲು ಪರದೆಯ ಮೇಲೆ ಒಂದು ಕೆಂಪು ಗುರುತು ಇತ್ತು. ಅದರ ಹಿಂದೆ ಏನೂ ಇರಲಿಲ್ಲ. ಆ ಗುರುತನ್ನು ಮಾಡಿಕೊಟ್ಟವನು ಇವನೇ. ಮಾರ್ಚ್ ಕೊನೆಯ ಟಾರ್ಗೆಟ್ ಮುಟ್ಟಿತು, ಮಾರಿದವನಿಗೆ ಕಮಿಷನ್ ಬಂತು. ನಂತರ ನಿದ್ದೆಗೆಟ್ಟು ಆ ಸುಳ್ಳನ್ನು ನಿಜ ಮಾಡುವ ಕೆಲಸ ಇವನ ಪಾಲಿಗೆ. ಹಳೆಯ ದೋಷಗಳನ್ನು ಸರಿಪಡಿಸೋಣವೆಂದರೆ ಸಮಯವಿಲ್ಲ, ಏಕೆಂದರೆ ದುರಸ್ತಿಗೆ ಕಮಿಷನ್ ಇಲ್ಲ.

ಇದು ಒಬ್ಬ ಹುಡುಗನ ಗೋಳು ಮಾತ್ರವಲ್ಲ. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬೈಜೂಸ್ ಕಂಪನಿಗೆ 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಲಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ, ತಂದೆತಾಯಿಗಳ ಮೇಲೆ ಒತ್ತಡ ಹೇರಿ ಕೋರ್ಸುಗಳನ್ನು ಮಾರಲಾಗುತ್ತಿದೆ ಎಂಬ ಆರೋಪದ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಅದರ ಮುಖ್ಯಸ್ಥರಿಗೆ ಸಮನ್ಸ್ ಕಳಿಸಿತು. ಕಂಪನಿ ಆರೋಪವನ್ನು ನಿರಾಕರಿಸಿತು. 2024ರ ಜುಲೈಯಲ್ಲಿ ಅದರ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಪತನಕ್ಕೆ ಕಾರಣಗಳು ಹಲವು ಇರಬಹುದು. ಆದರೆ ಟಾರ್ಗೆಟ್ ಹೊತ್ತು ಮನೆಮನೆಗೆ ಹೋದ ಹುಡುಗರೂ, ಕೆಲಸ ಕಳೆದುಕೊಂಡವರೂ ನಮ್ಮ ನಿಮ್ಮ ಮನೆಯ ಮಕ್ಕಳೇ. ಮಾರುವವನನ್ನು ಮಾತ್ರ ದೂರಿದರೆ ಅದು ಅನ್ಯಾಯ.

ವ್ಯಾಪಾರ ಪಾಪವಲ್ಲ. ಮಾರದಿದ್ದರೆ ಸಂಬಳವೆಲ್ಲಿಂದ? ಸಂತೆಯಲ್ಲಿ ಟೊಮೆಟೊ ಮಾರುವವನೂ ತನ್ನ ಸರಕನ್ನು ಹೊಗಳುತ್ತಾನೆ. ಆದರೆ ನಾವು ಒಂದು ಹಣ್ಣು ಎತ್ತಿ ಒತ್ತಿ ನೋಡಬಹುದು. ಪ್ರವಾದಿಯವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದ ಪ್ರಸಂಗ ಅನೇಕರಿಗೆ ಗೊತ್ತು. ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತು ಎಂದರು. ಮಳೆ ಬಂದದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಸಾಫ್ಟ್‌ವೇರ್ ಎಂಬ ರಾಶಿಯೊಳಗೆ ಕೊಳ್ಳುವವನು ಕೈ ಹಾಕಲಾರ. ತಳ ಎಲ್ಲಿ ತೇವವಾಗಿದೆ ಎಂಬುದು ಮಾಡಿದವನಿಗೆ ಮಾತ್ರ ಗೊತ್ತು. ಆದ್ದರಿಂದ ಅವನ ಮೌನವೂ ಆ ಮಾರಾಟದ ಒಂದು ಭಾಗವೇ. ಇಂಥ ಕಂಪನಿಗಳ ದೊಡ್ಡ ಕೇಡು ನಿದ್ದೆಗೆಡಿಸುವುದಲ್ಲ. ಸತ್ಯ ಬಲ್ಲವನಿಗೆ ಸುಮ್ಮನಿರುವುದನ್ನು ಅಭ್ಯಾಸ ಮಾಡಿಸುವುದು.

ಈ ಅಭ್ಯಾಸದಲ್ಲಿ ನಮ್ಮ ಪಾಲೂ ಇದೆ. ಹುಡುಗನ ಸಂಬಳದ ಅಂಕಿಯನ್ನು ಮದುವೆಮನೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡವರು ನಾವು. ಅದಕ್ಕಾಗಿ ಏನು ಮಾಡುತ್ತೀಯಪ್ಪಾ ಎಂದು ಒಮ್ಮೆಯೂ ಕೇಳಿದವರಲ್ಲ.

ಕಾಡಿನ ಗೇಟು ಮುಚ್ಚಿದ್ದರಿಂದ ತರಕಾರಿ ವ್ಯಾಪಾರವೇನೂ ನಿಂತುಹೋಗಲಿಲ್ಲ. ಲಾರಿಗಳು ಹೊತ್ತು ನೋಡಿ ಹೊರಡುವುದನ್ನು ಕಲಿತವು. ವ್ಯಾಪಾರದ ಮಾತುಕತೆಯಲ್ಲಿ ಕೂರಲಾಗದ ಜಿಂಕೆಗಾಗಿ, ಆನೆಗಾಗಿ ಆ ಗೇಟು. ಆಸ್ಪತ್ರೆಯ ಮಂಚದ ಮೇಲಿರುವ ರೋಗಿಯೂ ಆ ಮಾತುಕತೆಯಲ್ಲಿರಲಿಲ್ಲ. ಅವನ ಪರವಾಗಿ ಗೇಟು ಮುಚ್ಚುವವರು ಯಾರು?

ಮರುದಿನ ಬಸ್ಸು ಹತ್ತುವಾಗ ಹುಡುಗ, "ಆ ಕೆಂಪು ಗುರುತಿನ ವಿಷಯ ಆಸ್ಪತ್ರೆಯವರಿಗೆ ತಿಳಿಸಲೇಬೇಕು ಅಂತ ಆಫೀಸಿಗೆ ಬರೆದು ಕೊಡ್ತೀನಿ ಮಾಮೂ. ಕೆಲಸ ಹೋದ್ರೆ ಅಮ್ಮಿಗೆ ನೀವೇ ಹೇಳ್ಬೇಕು" ಎಂದ. ಹೇಳುತ್ತೇವೆ ಎಂದೆವು. ಅಷ್ಟಾದರೂ ನಮ್ಮಿಂದಾಗಬೇಕು.