ಖರ್ಜಕ್ಕೆ ಬಂದ ವಿಮಾನ

ಅಕ್ಕನ ಮಗ ಬೆಂಗಳೂರಿನಿಂದ ತಂದ ಎಂಜಿನ್ ನನ್ನ ಅಂಗೈಯಲ್ಲಿ ಕೂತಿತ್ತು. ಅಪ್ಪನ ಎಲೆ-ಅಡಿಕೆ ಡಬ್ಬಿಗಿಂತ ಚಿಕ್ಕದು. 13 ಸಿಸಿ ಅಂದ. ಅಂದರೆ ಮೂರು ಚಹಾ ಚಮಚ ಎಣ್ಣೆ ಹಾಕಿದರೆ ತುಂಬಿ ಚೆಲ್ಲುವಷ್ಟು ಹೊಟ್ಟೆ. ಆ ಹೊಟ್ಟೆಯ ಮೇಲೆ ಬುಲೆಟ್ ಮೋಟರ್‌ಸೈಕಲ್ಲಿನಲ್ಲಿ ಏನೇನು ಇರುತ್ತದೋ ಅದೆಲ್ಲ ಇತ್ತು: ಎರಡು ವಾಲ್ವ್, ಕಡ್ಡಿಯಂಥ ಎರಡು ಪುಶ್ ರಾಡ್, ಮೇಲೆ ತಲೆ ಅಲ್ಲಾಡಿಸುವ ರಾಕರ್, ಪಕ್ಕಕ್ಕೊಂದು ಕಾರ್ಬೊರೇಟರ್. ಬಾಲ್ಸಾ ಕಟ್ಟಿಗೆಯ ವಿಮಾನವೂ ತಯಾರಿತ್ತು, ರೆಕ್ಕೆ ಐದು ಫೂಟು. ಎಂಜಿನ್ ಮಾತ್ರ ಶುರುವಾಗುತ್ತಿತ್ತು, ನಾಲ್ಕು ಸಲ ಕೆಮ್ಮುತ್ತಿತ್ತು, ಸುಮ್ಮನಾಗುತ್ತಿತ್ತು. ಹಾಸ್ಟೆಲ್ಲಿನಲ್ಲಿ ಕೂತು ಮುಚ್ಚಳ ಬಿಚ್ಚಿ ತಾನೇ ಟ್ಯಾಪೆಟ್ ಸೆಟ್ ಮಾಡಿದ್ದೇನೆ ಎಂದು ಆಮೇಲೆ ಒಪ್ಪಿಕೊಂಡ. ಟಕಟಕ ಸದ್ದು ಬರಬಾರದೆಂದು ಪೂರ್ತಿ ಬಿಗಿದಿದ್ದನಂತೆ.

ಹಾನಗಲ್ಲಿನಲ್ಲಿ ಇದನ್ನು ಯಾರ ಹತ್ತಿರ ಒಯ್ಯುವುದು? ಬುಲೆಟ್ಟು, ಪಂಪ್‌ಸೆಟ್ಟು ಎರಡನ್ನೂ ರಿಪೇರಿ ಮಾಡುವ ಚಾಚಾ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮೂಲ ಸವಣೂರಿನವರು. ಅಲ್ಲಿನ ಮೂರು ಭಾರಿ ದೊಡ್ಡಹುಣಸೆ ಮರಗಳ ಸುದ್ದಿ ತೆಗೆಯದೆ ಯಾವ ಮಾತನ್ನೂ ಮುಗಿಸುವವರಲ್ಲ. ವರ್ಷಗಟ್ಟಲೆ ಎಂಜಿನ್‌ಗಳ ಪಕ್ಕದಲ್ಲೇ ಬಾಳಿ ಎಡಗಿವಿ ಹೋಗಿದೆ. ಯಾರು ಮಾತಾಡಿಸಿದರೂ ಬಲಗಿವಿ ತಿರುಗಿಸುತ್ತಾರೆ, ಕೋಳಿ ಕಾಳು ನೋಡುವ ಹಾಗೆ.

"ಇದು ಆಟಿಗಿ ಸಾಮಾನಲ್ಲೇನ್ರಿ ಮಾಸ್ತರ್ರ?" ಅಂದರು. ಆಮೇಲೆ ಫ್ಯಾನನ್ನು, ಅಂದರೆ ಮುಂದಿನ ಪ್ರೊಪೆಲರನ್ನು, ಎರಡು ಬೆರಳಿನಿಂದ ಮೆಲ್ಲಗೆ ತಿರುವಿದರು. ಒಂದು ಸುತ್ತು, ಎರಡು ಸುತ್ತು. ಮುಖದ ನಗು ಹೋಯಿತು. "ಇದಕ್ಕ ದಮ್ಮ ಇಲ್ಲ. ಬಾಯಿ ಮುಚ್ಚವಲ್ದು. ಒತ್ತಿದ್ದೆಲ್ಲಾ ಸೋರಾಕತ್ತೈತಿ."

ಅದೇ ಆಗಿತ್ತು. ವಾಲ್ವ್ ಪೂರ್ತಿ ಕೂಡಬೇಕಾದರೆ ಅದರ ತಲೆಗೂ ರಾಕರಿಗೂ ನಡುವೆ ಒಂದಿಷ್ಟು ಸಂದು ಬೇಕು. ಹಳೆಯ ಬುಲೆಟ್ಟು ಮಾತ್ರ ಇದಕ್ಕೆ ಹೊರತು, ಅಲ್ಲಿ ಸಂದು ಸೊನ್ನೆ. ಎಂಜಿನ್ ತಣ್ಣಗಿದ್ದಾಗ ಪುಶ್ ರಾಡು ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲ್ಲಾಡಬಾರದು. ಅಷ್ಟೇ ಅದರ ಲೆಕ್ಕ. ಈ ಪುಟ್ಟ ಎಂಜಿನ್‌ಗಳಿಗೆ ತಯಾರಕರು ಹೇಳುವ ಅಂತರ ಸಾಮಾನ್ಯವಾಗಿ 0.04ರಿಂದ 0.1 ಮಿಲಿಮೀಟರ್. ಚಾಚಾನ ಫೀಲರ್ ಗೇಜಿನ ತೆಳು ಎಲೆಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದವು. ಅದನ್ನು ಬದಿಗೆ ಒಗೆದು, ಅಂದಿನ ಸಂಯುಕ್ತ ಕರ್ನಾಟಕದ ಖಾಲಿ ಅಂಚನ್ನು ಹರಿದು, ಆ ಪಟ್ಟಿಯನ್ನು ರಾಕರಿನ ಕೆಳಗೆ ತೂರಿಸಿ ಸ್ಕ್ರೂ ತಿರುವಿದರು. ಕಾಗದ ಎಳೆದರೆ ಬರಬೇಕು, ಆದರೆ ಬರಲು ಮನಸ್ಸಿಲ್ಲದ ಹಾಗೆ ಬರಬೇಕು. ಸುದ್ದಿ ಕಾಗದದ ದಪ್ಪ ಹೆಚ್ಚುಕಡಿಮೆ 0.07 ಮಿಲಿಮೀಟರ್ ಎಂದು ನನಗೆ ಆಮೇಲೆ ತಿಳಿಯಿತು. ಹೇಳಿದ ಅಂತರದ ಸರೀ ನಡುವೆ! ಚಾಚಾಗೆ ಆ ಅಂಕಿ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇಲ್ಲೊಂದು ಮಾತನ್ನು ನಡುವೆ ಸೇರಿಸುತ್ತೇನೆ. ನಾಲ್ಕು ಹೊಡೆತದ ಎಂಜಿನ್‌ದು ಒಬ್ಬ ದುಡಿದು ಮೂವರು ಉಣ್ಣುವ ಮನೆ. ಹೀರುವುದು, ಒತ್ತುವುದು, ಸಿಡಿಯುವುದು, ಉಗುಳುವುದು. ಇದರಲ್ಲಿ ಕೆಲಸ ಕೊಡುವುದು ಸಿಡಿಯುವ ಒಂದೇ ಹೊಡೆತ. ಉಳಿದ ಮೂರಕ್ಕೂ ಪಿಸ್ಟನ್ನನ್ನು ದಾಟಿಸುವುದು ಆ ಒಂದರ ಓಟದ ಬಲ. ನಿಕೊಲಾಸ್ ಒಟ್ಟೊ ಎಂಬ ಜರ್ಮನ್ನ ಇದನ್ನು ನೆಲೆಗೆ ತಂದದ್ದು 1876ರಲ್ಲಿ. ಅದಕ್ಕೂ ಮೊದಲು ಆತ ಚಹಾ, ಸಕ್ಕರೆಯಂಥ ಕಿರಾಣಿ ಸಾಮಾನು ಮಾರುತ್ತ ಊರೂರು ತಿರುಗುತ್ತಿದ್ದ. ಜಪಾನಿನ ಓ.ಎಸ್. ಕಂಪನಿ ಮಾದರಿ ವಿಮಾನಕ್ಕೆಂದು ಎಫ್.ಎಸ್.-60 ಎಂಬ ನಾಲ್ಕು ಹೊಡೆತದ ಎಂಜಿನನ್ನು ಮಾರುಕಟ್ಟೆಗೆ ಬಿಟ್ಟದ್ದು 1976ರಲ್ಲಿ. ದೊಡ್ಡದು ಚಿಕ್ಕದಾಗಲು ಸರಿಯಾಗಿ ನೂರು ವರ್ಷ ಹಿಡಿಯಿತು.

ಇನ್ನೊಂದು ಸೋಜಿಗ. ಬುಲೆಟ್ಟಿನ ಪ್ಲಗ್ಗಿನಲ್ಲಿ ಪ್ರತಿ ಸಲ ಕಿಡಿ ಹಾರಬೇಕು. ಇದರಲ್ಲಿ ಕಿಡಿಯೇ ಇಲ್ಲ. ಪ್ಲಗ್ಗಿನೊಳಗೆ ಪ್ಲಾಟಿನಮ್ ಬೆರೆತ ಕೂದಲಂಥ ಸುರುಳಿ. ಶುರು ಮಾಡುವಾಗ ಒಂದೂವರೆ ವೋಲ್ಟಿನ ಸೆಲ್ ಹಚ್ಚಿ ಅದನ್ನು ಕೆಂಪಗೆ ಕಾಯಿಸುತ್ತಾರೆ. ಎಂಜಿನ್ ಓಡಿತೋ, ಸೆಲ್ ತೆಗೆದುಬಿಡುತ್ತಾರೆ. ಸುರುಳಿ ಆರುವುದಿಲ್ಲ! ಪ್ಲಾಟಿನಮ್ಮಿನ ಮೈಗೆ ತಾಗಿದ ಮೆಥನಾಲ್ ಆವಿ ಅದರ ಮೇಲೆಯೇ ಉರಿದು ಅದನ್ನು ಬಿಸಿಯಾಗಿಡುತ್ತದೆ; ಒಂದು ಸಿಡಿತದ ಶಾಖ ಇನ್ನೊಂದಕ್ಕೆ ಕೆಂಡವಾಗುತ್ತದೆ. ಬೂದಿ ಮುಚ್ಚಿಟ್ಟ ಕೆಂಡದಿಂದ ಬೆಳಗಿನ ಒಲೆ ಹಚ್ಚುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಇದು ಹೊಸದೇನೂ ಅನಿಸಬಾರದಿತ್ತು. ಆದರೆ ಸೆಕೆಂಡಿಗೆ ಎಪ್ಪತ್ತು ಸಲ ಒಲೆ ಹಚ್ಚುವ ಹೆಂಗಸನ್ನು ನಾನು ಕಂಡಿಲ್ಲ.

ಮರುದಿನ ಬೆಳಿಗ್ಗೆ ಭತ್ತ ಕೊಯ್ದ ಗದ್ದೆಗೆ ಹೋದೆವು. ಮಂಜು ಇನ್ನೂ ಕೂಳೆಯ ಮೇಲೆ ಕೂತಿತ್ತು. ಹುಡುಗ ಟ್ಯಾಂಕಿಗೆ ಎಣ್ಣೆ ತುಂಬಿದ, ಸೆಲ್ ಹಚ್ಚಿದ, ಚಾಲೂ ಮಾಡಿದ. ನೀಲಿ ಹೊಗೆ ಬಂತು. ಅದರ ಹಿಂದೆಯೇ ಒಂದು ವಾಸನೆ. ನನಗೆ ಐವತ್ತು ವರ್ಷ ಹಿಂದಕ್ಕೆ ಹೋಗಲು ಅಷ್ಟೇ ಸಾಕಾಯಿತು.

ಔಡಲೆಣ್ಣೆ!

ಹಿರೇಕೆರೂರು ತಾಲೂಕಿನ ನನ್ನ ಅಜ್ಜಿ ಹೊಲದ ಬದುವಿನ ಔಡಲಕಾಯಿ ಒಣಗಿಸಿ, ಬೀಜ ಹುರಿದು, ಒರಳಿನಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಚಿಪ್ಪಿನಿಂದ ಬಳಿದು ಬಳಿದು ತೆಗೆಯುತ್ತಿದ್ದಳು. ನೆತ್ತಿಗೂ ಅದೇ, ಬಂಡಿ ಕೀಲಿಗೂ ಅದೇ. ಹೊಟ್ಟೆ ತೊಳೆಯಲು ಮೂಗು ಹಿಡಿದು ನಮಗೆ ಕುಡಿಸುತ್ತಿದ್ದದ್ದೂ ಅದೇ. ಈ ಎಂಜಿನ್ನಿಗೆ ಹಾಕುವ ಮೆಥನಾಲಿನ ಜೊತೆ ಸಾಮಾನ್ಯ ಎಂಜಿನ್ ಆಯಿಲ್ ಕೂಡುವುದಿಲ್ಲ, ಔಡಲೆಣ್ಣೆ ಕೂಡುತ್ತದೆ. ಅದಕ್ಕೇ ಇಂಧನದಲ್ಲಿ ಅದು ಸೇರಿರುತ್ತದೆ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳೂ ಇದನ್ನೇ ಕುಡಿದು ಇದನ್ನೇ ಉಗುಳುತ್ತಿದ್ದವು. ಆ ಹೊಗೆ ನುಂಗಿ ಪೈಲಟ್‌ಗಳ ಹೊಟ್ಟೆ ಕೆಡುತ್ತಿತ್ತು ಎಂಬ ಕತೆ ಇದೆ. ಅಜ್ಜಿ ಕೇಳಿದ್ದರೆ ಅದರಲ್ಲಿ ಕತೆ ಏನು ಬಂತು ಅನ್ನುತ್ತಿದ್ದಳು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದು ಕೂಡ ಕ್ಯಾಸ್ಟರ್, ಅಂದರೆ ನಮ್ಮ ಔಡಲದಿಂದ.

ಈಗ ಎಂಜಿನ್ ನಿಧಾನ ಗತಿಯಲ್ಲಿ ಓಡುತ್ತಿತ್ತು. ಹುಡುಗ ಟ್ಯಾಕೋಮೀಟರ್ ಹಿಡಿದು 2400 ಅಂದ. ನಿಮಿಷಕ್ಕೆ 2400 ಸುತ್ತು, ಎರಡು ಸುತ್ತಿಗೊಮ್ಮೆ ಸಿಡಿತ, ಸೆಕೆಂಡಿಗೆ ಇಪ್ಪತ್ತು. ವರದಾ ದಂಡೆಯ ಹಳೆಯ ಡೀಸೆಲ್ ಪಂಪನ್ನು ರಾತ್ರಿ ಹಾಸಿಗೆಯಲ್ಲಿ ಮಲಗಿ ಕೇಳಿದವರಿಗೆ ಗೊತ್ತು, ಅದರ ಹೊಡೆತಗಳನ್ನು ಎಣಿಸಬಹುದು. 650 ಸುತ್ತಿನ ಎಂಜಿನ್ನಾದರೆ ಸೆಕೆಂಡಿಗೆ ಐದು ಚಿಲ್ಲರೆ. ಬುಲೆಟ್ಟಿನ ಡುಗುಡುಗು ಕೂಡ ಲೆಕ್ಕಕ್ಕೆ ಸಿಕ್ಕೀತು. ಅವು ತಾಳ. ಸೆಕೆಂಡಿಗೆ ಸುಮಾರು ಇಪ್ಪತ್ತು ದಾಟಿದರೆ ಮನುಷ್ಯನ ಕಿವಿ ಎಣಿಸುವುದನ್ನು ಬಿಟ್ಟುಕೊಡುತ್ತದೆ. ಹೊಡೆತಗಳೆಲ್ಲ ಒಂದಕ್ಕೊಂದು ಹೊಸೆದುಕೊಂಡು ಎಳೆಯಾಗುತ್ತವೆ. ಆಮೇಲೆ ಅದು ಸ್ವರ. ಈ ಎಂಜಿನ್ ಆ ಗಡಿಯ ಮೇಲೆಯೇ ಕಾಲಿಟ್ಟು ನಿಂತಿತ್ತು. ಹುಡುಗ ಥ್ರಾಟಲ್ ತೆರೆಯುತ್ತ ಹೋದ. ತಬಲಾದ ರೇಲಾ ಬಿಗಿಯಾಗುತ್ತಾ ಆಗುತ್ತಾ ಕರಗಿ ತಂಬೂರಿಯ ಗುಂಯ್ ಆದಂತೆ, ನನ್ನ ಕಣ್ಣೆದುರು, ಅಲ್ಲ, ನನ್ನ ಕಿವಿಯೆದುರು ತಾಳ ಹೋಗಿ ಸ್ವರ ಬಂತು. ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷ ಪೇಟಿ ಬಾರಿಸಿದ್ದೇನೆ; ತಾಳ ಬೇರೆ, ಸ್ವರ ಬೇರೆ ಎಂದು ಹುಡುಗರಿಗೆ ಕಲಿಸಿದ್ದೇನೆ. ಎರಡೂ ಒಂದೇ ದಾರದ ಎರಡು ತುದಿ ಎಂದು ಯಾರೂ ನನಗೆ ಹೇಳಿರಲಿಲ್ಲ.

ಚಾಚಾ ಅಷ್ಟು ಹೊತ್ತೂ ಎಂಜಿನ್ ನೋಡಲಿಲ್ಲ. ಪ್ರೊಪೆಲರಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ನೆಲ ನೋಡುತ್ತಿದ್ದರು, ಬಲಗಿವಿ ಎಂಜಿನ್ ಕಡೆಗೆ. ಒಂದು ಬೆರಳು ನೀಡಲ್ ವಾಲ್ವಿನ ತಿರುಪಿನ ಮೇಲೆ. ಒಂದು ಕ್ಲಿಕ್ ಒಳಗೆ. ಸ್ವರ ಏರಿತು. ಇನ್ನೊಂದು. ಮತ್ತೆ ಏರಿತು. ಇನ್ನೊಂದು. ಏರಲಿಲ್ಲ, ಆದರೆ ಸದ್ದಿನ ಅಂಚು ಗಡಸಾಯಿತು. "ಹಸದೈತಿ," ಅಂದರು. ಎಣ್ಣೆ ಕಡಿಮೆಯಾಗಿ ಗಾಳಿ ಹೆಚ್ಚಾದ ಎಂಜಿನ್ನಿಗೆ ಅವರ ಮಾತು ಅದು, ಹಸಿದಿದೆ. ಹಸಿದ ಎಂಜಿನ್ ಜೋರಾಗಿ ಓಡುತ್ತದೆ, ಕಾದು ಕೆಡುತ್ತದೆ. ಈ ಜಾತಿಯದ್ದಾದರೆ ಒದ್ದು ಪ್ರೊಪೆಲರನ್ನೇ ಕಳಚಿ ಎಸೆಯುವುದೂ ಉಂಟು. ಟ್ಯಾಕೋಮೀಟರ್ 9100 ತೋರಿಸುತ್ತಿತ್ತು. ಹುಡುಗನಿಗೆ ಆ ಅಂಕಿಯ ಮೇಲೆ ಮೋಹ. "ಇದ ಫುಲ್ ಪವರ್, ಇಲ್ಲೇ ಬಿಡ್ರಿ ಚಾಚಾ." ಚಾಚಾ ತಿರುಪನ್ನು ಹೊರಗೆ ತಿರುವಿದರು. 8800.

"ಮ್ಯಾಲ ಹೋದಾಗ ಮೂತಿ ಎತ್ತೂದಿಲ್ಲೇನು? ಆವಾಗ ಎಣ್ಣಿ ಏರಿ ಬರಬೇಕಲ್ಲೋ ತಮ್ಮಾ. ಈಗ ಹೊಟ್ಟಿ ತುಂಬ ಇಟ್ಟರ ಅಲ್ಲಿ ಸರಿ ಆಕೈತಿ." ಹುಡುಗ ವಿಮಾನವನ್ನು ಮೂತಿ ಮೇಲೆ ಮಾಡಿ ಹಿಡಿದ. ಸ್ವರ ತುಸು ಏರಿ ನಿಂತಿತು, ಗಡಸಾಗಲಿಲ್ಲ.

ಆ ರಾತ್ರಿ ನಾನು ಪೇಟಿ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ನಿದ್ದೆ ಬರದ ಮಾಸ್ತರರಿಗೆ ಇದೇ ಕಸುಬು. 9100ರಿಂದ 8800ಕ್ಕೆ ಇಳಿಸಿದ್ದು ಸಂಗೀತದಲ್ಲಿ ಎಷ್ಟು? ಪೇಟಿಯ ಒಂದು ಬಿಳಿ ಮನೆಗೂ ಅದರ ಪಕ್ಕದ ಕಪ್ಪು ಮನೆಗೂ ನಡುವಿನ ದೂರದಲ್ಲಿ ಅರ್ಧಕ್ಕಿಂತ ಚೂರು ಹೆಚ್ಚು. ಪೇಟಿಯಲ್ಲಿ ಸಿಗದ ಜಾಗ ಅದು. ಹಾಡುವವನ ಗಂಟಲಲ್ಲಿ ಮಾತ್ರ ಸಿಗುತ್ತದೆ, ಚಾಚಾನ ಬೆರಳಲ್ಲಿ ಸಿಕ್ಕಿತು. ಮತ್ತು 8800 ಅಂದರೆ ಸೆಕೆಂಡಿಗೆ 73 ಸಿಡಿತ. ನಮ್ಮ ಮಂಡಳಿ ಹಾಡುವ ಬಿಳಿ ಎರಡರ ಷಡ್ಜಕ್ಕೆ ತಂಬೂರಿಯ ಕೊನೆಯ ತಂತಿ, ಖರ್ಜ, ಮಿಡಿಯುವುದು ಸೆಕೆಂಡಿಗೆ 73 ಸಲ! ಪೆನ್ಸಿಲ್ ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ. ಪ್ರೊಪೆಲರಿಗೆ ಎರಡು ರೆಕ್ಕೆ. ಗಾಳಿಯನ್ನು ಅದು ಸೆಕೆಂಡಿಗೆ ಸುಮಾರು 293 ಸಲ ಸೀಳುತ್ತದೆ. ಅದು ತಾರ ಷಡ್ಜ. ನಡುವೆ ಸೆಕೆಂಡಿಗೆ 147 ಸುತ್ತುವ ಶಾಫ್ಟು, ಮಧ್ಯ ಷಡ್ಜ. ಎಲ್ಲವೂ ಒಂದೇ ಕಬ್ಬಿಣದ ಕಡ್ಡಿಗೆ ಕಟ್ಟಿದ್ದರಿಂದ ಎಂಜಿನ್ ಯಾವ ಗತಿಯಲ್ಲಿ ಓಡಿದರೂ ಮೂರು ಸಪ್ತಕದ ಷಡ್ಜಗಳು ಶ್ರುತಿ ಬಿಡುವುದಿಲ್ಲ. ಬಿಡಲು ಬರುವುದೇ ಇಲ್ಲ. ನಮ್ಮ ತಬಲಾದವನ ಬಗ್ಗೆ ನಾನು ಈ ಮಾತು ಹೇಳಲಾರೆ. ಶಿಶುವಿನಹಾಳದ ಜಾತ್ರೆಗೆ ಹೋದಾಗಲೆಲ್ಲ ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲೇ ಅವನ ಗಟ್ಟಾ ಸಡಿಲಾಗಿರುತ್ತದೆ.

ಕಿವಿಯ ಮಾತು ಬಂದರೆ ನಮ್ಮ ತಾಲೂಕಿಗೆ ಒಂದು ಹಕ್ಕಿದೆ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ ಕಾಡಶೆಟ್ಟಿಹಳ್ಳಿ ಹಾನಗಲ್ ತಾಲೂಕಿನದು. 1914ರಲ್ಲಿ ಪುಟ್ಟರಾಜ ಗವಾಯಿಗಳು ಹುಟ್ಟಿದ ದೇವಗಿರಿಯೂ ಅದೇ ತಾಲೂಕಿನದು. ಇಬ್ಬರಿಗೂ ಕಣ್ಣಿರಲಿಲ್ಲ. ಇಬ್ಬರೂ ಗದುಗಿನ ಪುಣ್ಯಾಶ್ರಮದಲ್ಲಿ ಕೂತು ಎಷ್ಟು ಮಂದಿಯ ಗಂಟಲನ್ನು ಶ್ರುತಿಗೆ ತಂದರೋ. ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದಲ್ಲಾದರೂ ಹೆಸರಿನಲ್ಲಿ ಹೊತ್ತದ್ದು ಹಾನಗಲ್ಲನ್ನೇ. ಇದನ್ನು ಚಾಚಾನಿಗೆ ಗಂಟು ಹಾಕುವುದು ಕವಿಗಳ ಚಾಳಿ, ನಾನು ಹಾಕುವುದಿಲ್ಲ. ಆದರೂ ಮುಚ್ಚಿದ ಸಿಲಿಂಡರಿನೊಳಗೆ, ಯಾರ ಕಣ್ಣಿಗೂ ಬೀಳದ ಕತ್ತಲೆಯಲ್ಲಿ, ಬೆಂಕಿ ಹಸಿದಿದೆಯೋ ತಣಿದಿದೆಯೋ ಎಂದು ಒಂದೇ ಕಿವಿಯಿಂದ ತಿಳಿಯುವುದು ಹೇಗೆ? ಕೇಳಿದೆ. "ಅದ ಹೇಳತೈತಲ್ರಿ," ಅಂದರು. ನಾನು ಕೇಳಿದ್ದೇ ಅವರಿಗೆ ವಿಚಿತ್ರವಾಗಿತ್ತು.

ಹಾರಿಸಿದ್ದು ಎರಡು ದಿನ ಬಿಟ್ಟು, ಸವಣೂರಿನ ಕಡೆಯ ಬಯಲಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ. ಹಾನಗಲ್ಲಿನ ಅರೆಮಲೆನಾಡಿನ ಮುಂಜಾವಿಗೆ ಕೂಡಿಸಿದ ನೀಡಲ್ ಅಲ್ಲಿ ಮಂಕಾಯಿತು. ಕಾದ ಗಾಳಿ ತೆಳುವು, ಅದರಲ್ಲಿ ಪ್ರಾಣವಾಯು ಕಡಿಮೆ. ಅದೇ ಎಣ್ಣೆ ಈಗ ಹೆಚ್ಚಾಗುತ್ತದೆ. ಚಾಚಾ ಒಂದು ಕ್ಲಿಕ್ ಒಳಗೆ ತಿರುವಿದರು, ಊಟಕ್ಕೆ ಉಪ್ಪು ನೋಡಿದಷ್ಟು ಸಹಜವಾಗಿ.

ವಿಮಾನ ಎರೆಹೊಲದ ದಾರಿಯ ಮೇಲೆ ಓಡಿ ಎದ್ದಿತು. ದೂರ ಹೋಗಿ ತಿರುಗಿ ನಮ್ಮ ನೆತ್ತಿಯ ಮೇಲೆ ಹಾಯ್ದಾಗ ಸ್ವರ ಮೇಲಿನಿಂದ ಕೆಳಗೆ ಜಾರಿತು, ಮೀಂಡಿನಂತೆ. ಗಂಟೆಗೆ ಎಪ್ಪತ್ತು ಕಿಲೋಮೀಟರಿನ ಸುಮಾರಿಗೆ ಹಾರುವ ವಸ್ತು ಹತ್ತಿರ ಬಂದು ದೂರ ಹೋಗುವಾಗ ಸ್ವರ ಇಳಿಯುವುದು ಹೆಚ್ಚುಕಡಿಮೆ ಶುದ್ಧ ರಿಷಭದಿಂದ ಷಡ್ಜಕ್ಕೆ. ಮತ್ತೆ ತಿರುಗಿ ಬಂತು. ಮತ್ತೆ ರಿಷಭ, ಮತ್ತೆ ಷಡ್ಜ. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳು ಸೆರಗು ಹಣೆಗೆ ಹಿಡಿದು ಮೇಲೆ ನೋಡುತ್ತಿದ್ದರು. ಹುಡುಗ ನೋಡುತ್ತಿದ್ದ. ನಾನು ನೋಡುತ್ತಿದ್ದೆ. ಚಾಚಾ ಜಾಲಿ ಗಿಡದ ನೆರಳಲ್ಲಿ ಕೂತು ನೆಲ ನೋಡುತ್ತಿದ್ದರು, ಬಲಗಿವಿ ಆಕಾಶಕ್ಕೆ.

ಹತ್ತನೆಯ ನಿಮಿಷಕ್ಕೆ ಎಣ್ಣೆ ತೀರಿತು. ಸದ್ದು ಒಮ್ಮೆಲೇ ನಿಂತಿತು. ವಿಮಾನ ಬಿಳಿ ಬಿಸಿಲಿನಲ್ಲಿ ಗಾಳಿಯ ಮೇಲೆ ಕೂತು, ಏನೂ ಹೇಳದೆ, ನಿಧಾನ ಸುತ್ತಿಕೊಂಡು ಕೆಳಗಿಳಿಯತೊಡಗಿತು. ಚಾಚಾ ಆಗ ಮೊದಲ ಸಲ ತಲೆಯೆತ್ತಿ ನೋಡಿದರು.