ಉಳಿದವನು ಶ್ರೇಷ್ಠನೇ?

ನಿಯಾಂಡರ್ತಲ್ ಮಾನವರು ಸುಮಾರು 40,000 ವರ್ಷಗಳ ಹಿಂದೆ ಅಳಿದರು, ನಾವು ಉಳಿದೆವು. ಉಳಿದುದರಿಂದಲೇ ನಾವು ಶ್ರೇಷ್ಠರೆಂದು ಬಗೆಯುವುದು ಸರಿಯೇ, ವಾಚಕರೇ?

ಇರಾಕಿನ ಶಾನಿದಾರ್ ಗವಿಯಲ್ಲಿ 1957ರಲ್ಲಿ ಅವರಲ್ಲೊಬ್ಬನ ಅಸ್ಥಿಪಂಜರ ದೊರೆಯಿತು. ಬಲತೋಳು ಕ್ಷೀಣಿಸಿತ್ತು, ಎಡಗಣ್ಣಿನ ಬಳಿಯ ಎಲುಬು ಜಜ್ಜಿತ್ತು. ಆ ಗಾಯಗಳು ಮಾಗಿದ ಮೇಲೂ ಅವನು ಬಹುಕಾಲ ಬಾಳಿದ್ದನು. ಬೇಟೆಯೇ ಅನ್ನವಾಗಿದ್ದ ಆ ಕಾಲದಲ್ಲಿ ಅವನಿಗೆ ಉಣಿಸಿದವರಾರು? ಕರುಣೆ ನಮ್ಮೊಬ್ಬರದೇ ಸೊತ್ತಲ್ಲ.

ಅವರ ಗುಂಪುಗಳು ಚಿಕ್ಕವು, ಚದುರಿದವು. ಹವೆ ಪದೇ ಪದೇ ಮಾರ್ಪಟ್ಟಿತು. ಸಂಖ್ಯೆಯಲ್ಲಿ ಮಿಗಿಲಾದ ನಮ್ಮ ಪೂರ್ವಿಕರು ಅದೇ ನೆಲಕ್ಕೆ ಬಂದರು. ಇವುಗಳಲ್ಲಿ ಯಾವುದು ಶೀಲದ ಪರೀಕ್ಷೆ? ಅಷ್ಟಕ್ಕೂ ಅವರು ಪೂರ್ತಿಯಾಗಿ ಅಳಿದಿಲ್ಲ. ನಮ್ಮ ವಂಶವಾಹಿಗಳಲ್ಲಿ ಸುಮಾರು ಶೇಕಡಾ 2ರಷ್ಟು ಅವರಿಂದಲೇ ಬಂದುದೆಂದು 2010ರಿಂದೀಚೆಗೆ ತಿಳಿದುಬಂದಿದೆ.

ದೂರದ ಮಾತೇಕೆ? ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ ನೀವು ಮಹಶೀರ್ ಮೀನುಗಳಿಗೆ ಪುರಿ ಚೆಲ್ಲಿರಬಹುದು. ಅದೇ ಕಾವೇರಿಯ ಸ್ವಂತ ಮೀನಾದ ಗೂನುಬೆನ್ನಿನ ಮಹಶೀರ್ 2018ರಿಂದ ವಿನಾಶದ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ. ಅದರ ಎಡೆಯನ್ನು ಬಹುಮಟ್ಟಿಗೆ ಆಕ್ರಮಿಸಿದ ನೀಲಿರೆಕ್ಕೆಯ ಮಹಶೀರ್ ತಾನಾಗಿ ಗೆದ್ದುದಲ್ಲ. ಮರಿಗಳನ್ನು ಸಾಕಿ ತಂದು ಹೊಳೆಗೆ ಬಿಟ್ಟವರು ಮನುಷ್ಯರು, ಅದೂ ಸದುದ್ದೇಶದಿಂದಲೇ.